ಗಾಡಿ ಅಂಗಡಿಯ ಗಿಳಿಹಸಿರು ಸೀರೆ

ನಮ್ಮ ಮನೆಯಲ್ಲಿ ನೀರು ಕುಡಿಯುವವರು ಲೋಟವನ್ನು ಸ್ವಲ್ಪ ಮೇಲೆತ್ತಿದರೆ ಸಾಕು, ಎದುರಿಗೆ ಕೂತವರಿಗೆ ಅದರ ತಳದಲ್ಲಿರುವ ಬೆಲೆಚೀಟಿ ಕಾಣಿಸುತ್ತದೆ. ಹಳೆಯ ಬೆಲೆ, ಅದರ ಮೇಲೊಂದು ಗೀಟು, ಕೆಳಗೆ ದಪ್ಪ ಅಕ್ಷರದಲ್ಲಿ ಹೊಸ ಬೆಲೆ. ನಾನು ಆ ಚೀಟಿಯನ್ನು ಕೀಳುವುದಿಲ್ಲ. ತೊಳೆದು ತೊಳೆದು ತಾನಾಗಿಯೇ ಹೋದರೆ ಹೋಗಲಿ, ನನ್ನ ಕೈಯಾರೆ ಕೆರೆಯುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೇನೆ. ನಮ್ಮ ಅಕ್ಕ ಸುವರ್ಣ ಮಾತ್ರ ಬಂದಾಗಲೆಲ್ಲ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಅಡುಗೆಮನೆಯಲ್ಲಿ ಕೂತುಬಿಡುತ್ತಾಳೆ. ತಳಕ್ಕೆ ಎಣ್ಣೆ ಸವರಿ, ನೆನೆಯಲು ಬಿಟ್ಟು, ಉಗುರಿನಿಂದ ಕೆರೆಯುತ್ತಾಳೆ.

"ಥೂ, ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೆ ಮಾರಾಯ್ತಿ?"

"ಅಗ್ಗಕ್ಕೆ ತಂದಿದಾಳೆ ಅಂದ್ಕೊಳ್ತಾರೆ. ತಂದಿದ್ದೇ ಅಗ್ಗಕ್ಕೆ."

"ನಿಂಗೇನು ಕಡಿಮೆ ಆಗಿದೆ ಶೈಲಾ? ಗಂಡ ಹೆಂಡ್ತಿ ಇಬ್ರೂ ದುಡೀತೀರಿ."

ಈ ಪ್ರಶ್ನೆಯನ್ನು ಅಕ್ಕ ಒಬ್ಬಳೇ ಕೇಳುವುದಲ್ಲ. ಶಂಕರಘಟ್ಟದ ವಿಶ್ವವಿದ್ಯಾಲಯದ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರೂ ಕೇಳುತ್ತಾರೆ, ರಾಗಿಗುಡ್ಡದ ಹತ್ತಿರ ನಮ್ಮ ಬೀದಿಯವರೂ ಕೇಳುತ್ತಾರೆ. ಅಗ್ಗದ ಅಂಗಡಿಗೆ ಬಡವರು ಹೋಗಬೇಕು, ಇದ್ದವರು ಹೋದರೆ ಅದೊಂದು ಕಾಯಿಲೆ ಎಂಬುದು ಇವರೆಲ್ಲರ ನಂಬಿಕೆ. ಇರಲಿ. ಹೌದು, ನಾನು ರಿಯಾಯಿತಿ ಅಂಗಡಿಯ ಗಿರಾಕಿ. ಏನೀಗ?

ಊರ ಹೊರಗಿನ ದೊಡ್ಡ ರಸ್ತೆಯಲ್ಲಿರುವ ಆ ಅಂಗಡಿ ನಿಮಗೂ ಗೊತ್ತಿರುತ್ತದೆ. ಕೆಳಗೆ ಬೇಳೆ, ಎಣ್ಣೆ, ಸೋಪು. ಮೊದಲ ಮಹಡಿಯಲ್ಲಿ ಪಾತ್ರೆ, ಡಬ್ಬ, ಬಕೆಟ್ಟು. ಅದರ ಮೇಲೆ ಬಟ್ಟೆ. ಬಾಗಿಲಲ್ಲೇ ನಮ್ಮ ವ್ಯಾನಿಟಿ ಬ್ಯಾಗಿನ ಬಾಯಿಗೆ ಪ್ಲಾಸ್ಟಿಕ್ ದಾರ ಕಟ್ಟಿಬಿಡುತ್ತಾರೆ. ಹೊರಗೆ ಬರುವಾಗ ಬಿಲ್ಲಿಗೆ ತೂತು ಹೊಡೆಯುತ್ತಾರೆ. ಇದನ್ನು ಅವಮಾನ ಎಂದುಕೊಳ್ಳುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಕುಂಸಿಯಿಂದ ಬಸ್ಸಿನಲ್ಲಿ ಬಂದ ಹೆಂಗಸಿನ ಚೀಲಕ್ಕೂ ದಾರ, ಕಾರಿನಲ್ಲಿ ಬಂದ ಡಾಕ್ಟರಮ್ಮನ ಚೀಲಕ್ಕೂ ಅದೇ ದಾರ.

ಅಲ್ಲಿ ಪರಿಚಯದವರು ಸಿಕ್ಕಾಗ ನೋಡಬೇಕು ನೀವು. ಒಂದು ಭಾನುವಾರ ನಮ್ಮ ಪ್ರೊಫೆಸರೊಬ್ಬರ ಹೆಂಡತಿ ಎದುರಾದರು. ನನ್ನನ್ನು ಕಂಡದ್ದೇ ಟ್ರಾಲಿಯಲ್ಲಿದ್ದ ಎರಡು ನೈಟಿಗಳನ್ನು ತೊಗರಿಬೇಳೆ ಚೀಲದ ಅಡಿಗೆ ತಳ್ಳಿದರು. "ಸುಮ್ನೆ ಬಂದ್ವಿ ಕಣ್ರೀ, ಒಳಗೆ ತಣ್ಣಗಿರುತ್ತಲ್ಲ ಅಂತ" ಎಂದರು. ಆಗ ಡಿಸೆಂಬರ್ ತಿಂಗಳು. ನಾನು ನನ್ನ ಟ್ರಾಲಿಯಲ್ಲಿದ್ದ ನೈಟಿಯನ್ನು ಮೇಲೆತ್ತಿ, "ಈ ಹೂವಿನದ್ದು ನೋಡಿದ್ರಾ? ಒಂದು ತಗೊಂಡ್ರೆ ಒಂದು ಫ್ರೀ" ಎಂದು ಗಟ್ಟಿಯಾಗಿ ಹೇಳಿದೆ. ಅವರು ಅತ್ತಿತ್ತ ನೋಡಿ, "ಎಲ್ಲಿ?" ಎಂದು ಪಿಸುಗುಟ್ಟಿದರು.

ಹಾಗಂತ ನಾನು ಮಹಾ ಜಾಣೆ ಎಂದುಕೊಳ್ಳಬೇಡಿ. ಅರ್ಧ ಬೆಲೆಗೆ ಸಿಕ್ಕಿತೆಂದು ಮೊಟ್ಟೆ ಬೇಯಿಸುವ ಯಂತ್ರವೊಂದನ್ನು ತಂದಿದ್ದೆ. ನಮ್ಮದು ಮೊಟ್ಟೆಯ ನೆರಳೂ ಬೀಳದ ಮನೆ. ಅದು ಇಡ್ಲಿಯ ಯಂತ್ರವಿರಬೇಕು, ಇಡ್ಲಿ ಈಗ ಉಂಡೆಯಾಕಾರದಲ್ಲಿ ಬರುತ್ತಿರಬೇಕು ಎಂದುಕೊಂಡಿದ್ದೆ. ನಮ್ಮವರು ಡಬ್ಬದ ಮೇಲಿನ ಚಿತ್ರವನ್ನು ತೋರಿಸಿ, "ಇದು ಏನು ಅಂತ ತಿಳ್ಕೊಂಡೆ?" ಎಂದು ಕೇಳಿದರು. ಈಗ ಅದರ ಗುಳಿಗಳಲ್ಲಿ ನಿಂಬೆಹಣ್ಣು ಇಡುತ್ತೇವೆ. ಬಹಳ ಚೆನ್ನಾಗಿ ಕೂರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಹಾಸಿಗೆಯೇ ರಿಯಾಯಿತಿಯಲ್ಲಿ ಸಿಕ್ಕಿದರೆ ಇನ್ನೊಂಚೂರು ಚಾಚಿದರೆ ತಪ್ಪೇನು ಎಂಬುದು ನನ್ನ ವಾದ.

ಈ ಚಟ ನನಗೆ ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ. ಭದ್ರಾವತಿಯ ಸಂತೆಯಿಂದ ಬಂತು. ನಾವು ಬೆಳೆದದ್ದು ಅಲ್ಲಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಸಂತೆಯ ದಿನ ಬೆಳಿಗ್ಗೆ ಹೋಗುವವರು ದಡ್ಡರು ಎಂಬುದು ಅಮ್ಮನ ಮೊದಲ ಪಾಠ. ಸಂಜೆಯ ಸೈರನ್ ಕೂಗಿ, ಮಾರುವವರು ಉಳಿದ ಮಾಲನ್ನು ಮತ್ತೆ ಮೂಟೆ ಕಟ್ಟಬೇಕಲ್ಲ ಎಂದು ಬೇಸರಪಡುವ ಹೊತ್ತಿಗೆ ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಹೊರಡುತ್ತಿದ್ದಳು. ನಮ್ಮ ವಠಾರದಲ್ಲಿ ತಮಿಳರು, ತೆಲುಗರು, ದಖ್ನಿ ಮಾತಾಡುವ ಸಾಬರು ಎಲ್ಲರೂ ಇದ್ದುದರಿಂದ 'ಜಾಸ್ತಿಯಾಯಿತು' ಎಂದು ನಾಲ್ಕು ಭಾಷೆಗಳಲ್ಲಿ ಹೇಳಲು ಅಮ್ಮನಿಗೆ ಬರುತ್ತಿತ್ತು. ಕೇಳುವುದು, ನಗುವುದು, ಮುಂದಕ್ಕೆ ಹೋದಂತೆ ಮಾಡುವುದು. ಹಿಂದಿನಿಂದ "ವಾಂಗಮ್ಮಾ, ವಾಂಗ!" ಎಂಬ ಕರೆ ಬಂದೇ ಬರುತ್ತಿತ್ತು. ಕರೆ ಬರುವವರೆಗೆ ತಿರುಗಿ ನೋಡಬಾರದು ಎಂದು ನಮಗೆ ಮೊದಲೇ ತಾಕೀತಾಗಿತ್ತು. ಅಕ್ಕ ಸಂಕೋಚದಿಂದ ತಲೆ ತಗ್ಗಿಸುತ್ತಿದ್ದಳು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆ ತಲೆ ತಗ್ಗಿಸುವುದೂ ಈ ನಗುವುದೂ ಇವತ್ತಿಗೂ ಹಾಗೇ ಉಳಿದಿವೆ, ಹುಟ್ಟುಗುಣ ಸುಟ್ಟರೂ ಹೋಗದು ನೋಡಿ.

ಆದರೆ ಅಮ್ಮನ ಈ ಶೌರ್ಯವೆಲ್ಲ ಬದನೆಕಾಯಿ, ಈರುಳ್ಳಿ, ಬೆಲ್ಲದ ಮುಂದೆ ಮಾತ್ರ. ಸೀರೆಯ ವಿಷಯಕ್ಕೆ ಬಂದರೆ ಅವಳ ಬಾಯಿ ಕಟ್ಟಿಹೋಗುತ್ತಿತ್ತು.

ನಮ್ಮ ಕಡೆಯ ಸೀರೆ ಅಂಗಡಿಗಳಲ್ಲಿ ಒಂದು ಪದ್ಧತಿಯಿದೆ. ನೀವು ಚಪ್ಪಲಿ ಬಿಟ್ಟು, ಬಿಳಿ ಗಾದಿಯ ಮೇಲೆ ಕೂತು, ಸೀರೆ ತೋರಿಸಿ ಅನ್ನುತ್ತೀರಿ. ಅಂಗಡಿಯವನು ಬಣ್ಣ ಯಾವುದು ಬೇಕು, ಬೆಲೆ ಎಷ್ಟರದ್ದು ಬೇಕು ಎಂದು ಕೇಳುವುದಿಲ್ಲ. ಮೊದಲು ಕೇಳುವುದು ಇಷ್ಟೇ: "ಉಡೋಕಾ ಅಕ್ಕಾ, ಕೊಡೋಕಾ?" ಉಡೋಕೆ ಅಂದರೆ ಮೇಲಿನ ಗೂಡಿನಿಂದ ಒಂದೊಂದೇ ಇಳಿಯುತ್ತದೆ, ಸೆರಗು ಬಿಚ್ಚಿ ತೋರಿಸುತ್ತಾರೆ, ಕಾಫಿಯೂ ಬರುತ್ತದೆ. ಕೊಡೋಕೆ ಅಂದರೆ ಕೆಳಗಿನಿಂದ ಒಂದು ಕಟ್ಟು ಬಂದು ದೊಪ್ಪೆಂದು ಬೀಳುತ್ತದೆ. ಎಲ್ಲಕ್ಕೂ ಒಂದೇ ಬೆಲೆ. ಬಿಚ್ಚಿ ನೋಡುವ ಕ್ರಮವಿಲ್ಲ, ತಲೆ ಎಣಿಸಿ ತೆಗೆದುಕೊಂಡು ಹೋಗುವುದು. ಮದುವೆಗೆ, ಗೃಹಪ್ರವೇಶಕ್ಕೆ, ಸೀಮಂತಕ್ಕೆ ಬಂದ ನೆಂಟರಿಗೆ ಕೊಡುವ ಸೀರೆಗಳು ಅವು. ನಾನೂ ಕೊಟ್ಟಿದ್ದೇನೆ, ನೀವೂ ಕೊಟ್ಟಿದ್ದೀರಿ, ಸುಳ್ಳು ಹೇಳಬೇಡಿ.

ಅಮ್ಮನ ಟ್ರಂಕಿನಲ್ಲಿದ್ದವೆಲ್ಲ ಈ ಕೊಡುವ ಸೀರೆಗಳೇ. ಅವಳು ಅವುಗಳನ್ನು ಬಣ್ಣದಿಂದ ಗುರುತಿಸುತ್ತಿರಲಿಲ್ಲ, ಸಮಾರಂಭದಿಂದ ಗುರುತಿಸುತ್ತಿದ್ದಳು. "ಆ ಕಮಲನ ಮದ್ವೆ ಸೀರೆ ಒಣಗಿತಾ ನೋಡು," "ಚಿಕ್ಕಪ್ಪನ ಮನೆ ಒಕ್ಕಲಿನದ್ದು ಹರಿದೋಯ್ತು." ಅತ್ತೆಯೊಬ್ಬರು ಸೀರೆ ಸಿಕ್ಕ ಕೂಡಲೇ ಕೋಣೆಗೆ ಹೋಗಿ ಅಂಚು ತಿರುಗಿಸಿ ನೋಡಿ, "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಳಂತೆ, ಹಂಗಾಯ್ತು ನನ್ನ ಕತೆ" ಎಂದು ತಾವೇ ನಗುತ್ತಿದ್ದರು. ಅಮ್ಮ ಅದನ್ನೂ ಮಾಡುತ್ತಿರಲಿಲ್ಲ. ಕಣ್ಣಿಗೊತ್ತಿಕೊಂಡು ಟ್ರಂಕಿಗೆ ಹಾಕುತ್ತಿದ್ದಳು. ದೀಪಾವಳಿಗೆ ಒಂದು ಸೀರೆಯನ್ನು ಅಪ್ಪನೇ ತರುತ್ತಿದ್ದರು. ಪ್ರೀತಿಯಿಂದಲೇ ತರುತ್ತಿದ್ದರು, ಆದರೆ ಯಾವಾಗಲೂ ಕಂದು ಬಣ್ಣದ್ದು. ಕೊಳೆ ಕಾಣುವುದಿಲ್ಲ ಎಂಬುದು ಅವರ ಲೆಕ್ಕ. ಅಮ್ಮ ಪ್ರತಿ ಸಲವೂ "ಚೆನ್ನಾಗಿದೆ" ಎನ್ನುತ್ತಿದ್ದಳು.

ಅಪ್ಪ ಹೋದ ಮೇಲೆ ಕಂದು ಬಣ್ಣವೂ ನಿಂತಿತು. ನಮ್ಮದು ಶರಣರ ಮನೆತನ, ವಿಧವೆಗೆ ಇಂಥದ್ದೇ ಬಣ್ಣ ಎಂಬ ಕಟ್ಟಳೆ ನಮ್ಮಲ್ಲಿಲ್ಲ ಎಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಹೇಳುತ್ತಲೇ ಬೂದಿ ಬಣ್ಣದ್ದೋ, ಬಿಸ್ಕತ್ತಿನ ಬಣ್ಣದ್ದೋ, ಹಾಲು ಜಾಸ್ತಿಯಾದ ಕಾಫಿಯ ಬಣ್ಣದ್ದೋ ತಂದು ಕೊಡುತ್ತಾರೆ. ಯಾರೂ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಅಮ್ಮನ ಟ್ರಂಕು ಮಾತ್ರ ವರ್ಷದಿಂದ ವರ್ಷಕ್ಕೆ ಬಿಳಿಚಿಕೊಳ್ಳುತ್ತಾ ಹೋಯಿತು.

ಅಮ್ಮ ಭದ್ರಾವತಿ ಬಿಟ್ಟು ನಮ್ಮಲ್ಲಿಗೆ ಬಂದ ಮೇಲೆ ಅವಳನ್ನು ಆ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದೆ. ಮಂಡಿ ನೋವು ಅವಳಿಗೆ. ಕೋಲು ಕೊಟ್ಟರೆ, "ನಾನೇನು ಮುದುಕೀನಾ?" ಎಂದು ಮೂಲೆಗೆ ಒರಗಿಸಿಡುತ್ತಿದ್ದಳು. ಎಂಬತ್ತರ ಹತ್ತಿರ ಬಂದವಳು ಹಾಗೆ ಕೇಳಿದರೆ ಏನು ಉತ್ತರ ಕೊಡುವುದು? ಆದರೆ ಅಂಗಡಿಯ ಟ್ರಾಲಿ ಹಿಡಿದದ್ದೇ ತಡ, ಅಮ್ಮ ಸರಾಗವಾಗಿ ನಡೆಯಲು ಶುರುಮಾಡಿದಳು. ಊರೆಲ್ಲ ಹಿಡಿದಿದೆ, ತಾನೂ ಹಿಡಿದಿದ್ದೇನೆ, ಅದರಲ್ಲಿ ಮುದಿತನದ ಪ್ರಶ್ನೆಯೇ ಇಲ್ಲ. ಸಾಸಿವೆ ಡಬ್ಬಿಯೊಂದನ್ನು ಹಾಕಿಕೊಂಡು ಇಡೀ ಅಂಗಡಿಯನ್ನು ಸುತ್ತಿದಳು. ಅವತ್ತಿನಿಂದ ಅವಳ ಬಾಯಲ್ಲಿ ಅದು ಗಾಡಿ ಅಂಗಡಿ.

ಗಾಡಿ ಅಂಗಡಿಯಲ್ಲಿ ಚೌಕಾಶಿ ಇಲ್ಲವಲ್ಲ ಎಂಬುದೊಂದೇ ಅವಳ ದೂರು. "ಅವ್ರೇ ಹೊಡೆದು ಹಾಕಿ ಅವ್ರೇ ಕಡಿಮೆ ಮಾಡ್ಕೊಂಡ್ರೆ ನಮಗೇನು ಕೆಲಸ?" ಎಂದು ಗೀಟೆಳೆದ ಬೆಲೆಗಳನ್ನು ನೋಡಿ ಗೊಣಗುತ್ತಿದ್ದಳು.

ಒಂದು ದಿನ ಮೇಲಿನ ಮಹಡಿಗೆ ಲಿಫ್ಟಿನಲ್ಲಿ ಹೋದೆವು. ನಾನು ಟವೆಲ್ಲು ನೋಡುತ್ತಿದ್ದೆ. ತಿರುಗಿ ನೋಡಿದರೆ ಅಮ್ಮ ಸೀರೆಗಳ ರಾಶಿಯ ಮುಂದೆ ನಿಂತಿದ್ದಾಳೆ. ಅಲ್ಲಿ ಗಾದಿ ಇಲ್ಲ, ಕಾಫಿ ಇಲ್ಲ, ಉಡೋಕಾ ಕೊಡೋಕಾ ಎಂದು ಕೇಳುವವರೂ ಇಲ್ಲ. ದೊಡ್ಡ ತೊಟ್ಟಿಯಂಥ ಪೆಟ್ಟಿಗೆಯಲ್ಲಿ ಎಲ್ಲ ಬಣ್ಣದವೂ ಒಟ್ಟಿಗೆ ಬಿದ್ದಿವೆ. ಅಮ್ಮ ಒಂದೊಂದನ್ನೇ ತೆಗೆದು, ಬಿಚ್ಚಿ, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವಂತೆ ಬೆರಳಲ್ಲಿ ಒತ್ತಿ ನೋಡಿ, ಮಡಿಸಿ ಇಡುತ್ತಿದ್ದಳು. ನಾನು ಟವೆಲ್ಲು, ಬೆಡ್‌ಶೀಟು, ಬೇಡದ ದಿಂಬಿನ ಕವರು ಎಲ್ಲ ಮುಗಿಸಿ ಬಂದರೂ ಅವಳದ್ದು ಮುಗಿದಿರಲಿಲ್ಲ. ಕೊನೆಗೆ ಒಂದನ್ನು ಹಿಡಿದು ಕನ್ನಡಿಯ ಮುಂದೆ ಹೋಗಿ ಹೆಗಲಿಗೆ ಹಾಕಿಕೊಂಡು ನಿಂತಳು. ಗಿಳಿಹಸಿರು. ಕನಕಾಂಬರದ ಬಣ್ಣದ ಅಂಚು, ಅಂಚಿನಲ್ಲಿ ಮಿರಮಿರ ಮಿಂಚುವ ಜರಿ.

"ಯಾರಿಗಮ್ಮ ಕೊಡೋಕೆ?" ಎಂದು ಕೇಳಿದೆ. ನನ್ನ ಬಾಯಿಗೂ ಆ ಮಾತೇ ಬಂತು ನೋಡಿ.

ಅಮ್ಮ ಕನ್ನಡಿಯಿಂದ ಕಣ್ಣು ತೆಗೆಯದೆ, "ನಂಗೆ" ಎಂದಳು.

ಆ ವಯಸ್ಸಿನವರೆಗೆ ಈ ಹೆಂಗಸು ತನ್ನ ಮೈಮೇಲೆ ಹಾಕುವ ಬಟ್ಟೆಯನ್ನು ಒಂದು ಸಲವೂ ತಾನಾಗಿ ಆರಿಸಿರಲಿಲ್ಲ. ಸಂತೆಯನ್ನೇ ಆಳಿದವಳು. ನಾನು ಸೀರೆಯನ್ನು ಗಾಡಿಗೆ ಹಾಕಿದೆ. ಅಮ್ಮ ಅದನ್ನು ಎತ್ತಿ, ಕೆಳಗೆ ಕೊಂಡಿದ್ದ ಎಣ್ಣೆ ಡಬ್ಬಿಯಿಂದ ದೂರ, ಬೆಡ್‌ಶೀಟಿನ ಮೇಲೆ ಇಟ್ಟಳು. "ಚೈತ್ರನ ನಿಶ್ಚಿತಾರ್ಥಕ್ಕೆ ಉಡ್ತೀನಿ. ಅಲ್ಲಿವರೆಗೆ ಮಡಿಕೆ ಬಿಚ್ಚಲ್ಲ" ಎಂದಳು.

ಚೈತ್ರಾ ಅಕ್ಕನ ಮಗಳು. ಅವಳ ನಿಶ್ಚಿತಾರ್ಥ ಗೊತ್ತಾಗಿ ಅಕ್ಕನಿಗೆ ಆಗಲೇ ನಿದ್ದೆ ಹೋಗಿತ್ತು. ಗಂಡಿನವರು ದಾವಣಗೆರೆಯವರು, ಮೂರು ಮಹಡಿಯ ಸೀರೆ ಅಂಗಡಿ ಇಟ್ಟವರು. ನಮ್ಮ ಭಾವನದು ಅಡಿಕೆ ಮಂಡಿಯ ವ್ಯಾಪಾರ, ಅವರಿಗೂ ಕಡಿಮೆಯೇನಿಲ್ಲ. ಆದರೆ ಸೀರೆ ವ್ಯಾಪಾರಿಗಳ ಮುಂದೆ ಸೀರೆ ಉಟ್ಟು ನಿಲ್ಲುವುದೆಂದರೆ ಅಕ್ಕನಿಗೆ ಪರೀಕ್ಷೆಯಾಗಿಬಿಟ್ಟಿತ್ತು. ಅಮ್ಮನ ಗಿಳಿಹಸಿರಿನ ಸುದ್ದಿಯನ್ನು ನಾನೇ ಸಂಭ್ರಮದಿಂದ ಫೋನಿನಲ್ಲಿ ಹೇಳಿದೆ.

"ಶೈಲಾ, ಅವ್ರು ಸೀರೆ ಅಂಗಡಿಯವ್ರು ಕಣೇ. ಸೆರಗು ಮುಟ್ಟದೇನೇ ರೇಟ್ ಹೇಳ್ತಾರೆ. ಅವ್ರ ಮುಂದೆ ಅಮ್ಮನ್ನ ಡಿಸ್ಕೌಂಟ್ ಸೀರೇಲಿ ಕೂರಿಸ್ತೀಯಾ?"

"ಅಮ್ಮನೇ ಕೂರ್ತಾಳೆ. ನಾನ್ಯಾಕೆ ಕೂರಿಸ್ಲಿ?"

"ನಾನು ಅಮ್ಮಂಗೆ ಪ್ಯೂರ್ ಸಿಲ್ಕ್ ತಂದಿದೀನಿ. ಅದನ್ನೇ ಉಡ್ಸು."

"ಸಿಲ್ಕ್ ಯಾವ ಬಣ್ಣ ಅಕ್ಕಾ?"

"ಯಾವ್ದೋ ಒಂದು. ಡೀಸೆಂಟಾಗಿದೆ" ಎಂದು ಫೋನಿಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ. ಸಂಜೆ ಶಂಕರಘಟ್ಟದಿಂದ ಬಸ್ಸು ಹತ್ತಿದರೆ ಸಾಕು, ಭದ್ರಾವತಿ ದಾಟುವುದರೊಳಗೆ ಅಕ್ಕನ ಫೋನು. ಒಮ್ಮೆ ಬೈಗುಳ, ಒಮ್ಮೆ ಬೇಡಿಕೆ. ಅಮ್ಮನಿಗೆ ನೇರವಾಗಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ನನಗೋ ಹಟ ಹತ್ತಿತ್ತು. ನನ್ನ ಲೋಟಗಳನ್ನು ಕೆರೆದರೆ ಕೆರೆಯಲಿ. ಅಮ್ಮ ಮೊದಲ ಸಲ ಬಾಯಿಬಿಟ್ಟು 'ನಂಗೆ' ಎಂದ ಸೀರೆಯನ್ನು ಯಾರೂ ಮುಟ್ಟಬಾರದು. ಅಕ್ಕನ ಜೊತೆ ಜಗಳವಾದರೆ ಆಗಲಿ, ನಿಶ್ಚಿತಾರ್ಥಕ್ಕೆ ಹೋಗುವುದೇ ಬೇಡ ಎಂದರೂ ಸರಿ, ಅಮ್ಮ ಅದನ್ನು ಉಡಲೇಬೇಕು ಎಂದು ಬಸ್ಸಿನ ಕಿಟಕಿಗೆ ಹಣೆ ಒತ್ತಿ ಮಾತುಗಳನ್ನೆಲ್ಲ ಹೊಂದಿಸಿಕೊಂಡೆ. ಪಕ್ಕದಲ್ಲಿ ಕೂತಿದ್ದ ವಿದ್ಯಾರ್ಥಿನಿ, "ಮೇಡಂ, ಏನಾದ್ರೂ ಹೇಳಿದ್ರಾ?" ಎಂದು ಕೇಳಿದಳು.

ನಿಶ್ಚಿತಾರ್ಥದ ಬೆಳಿಗ್ಗೆ ನಮ್ಮೂರಲ್ಲೇ ಇರುವ ಅಕ್ಕನ ಮನೆಯಲ್ಲಿ ಸೇರಿದೆವು. ಅಲ್ಲಿಂದ ಎಲ್ಲರೂ ಹಾಲ್‌ಗೆ ಹೋಗುವುದೆಂದು ಮಾತಾಗಿತ್ತು. ಕೋಣೆಯಲ್ಲಿ ಅಮ್ಮ ಮಂಚದ ಮೇಲೆ ಕೂತಿದ್ದಳು, ಮಡಿಲಲ್ಲಿ ಗಾಡಿ ಅಂಗಡಿಯ ಚೀಲ. ಅಕ್ಕ ತನ್ನ ಸಿಲ್ಕನ್ನು ತಂದು ಪಕ್ಕದಲ್ಲಿಟ್ಟಳು. ನಿಜಕ್ಕೂ ಒಳ್ಳೆಯ ಸೀರೆ, ಕೈಯಲ್ಲಿ ಹಿಡಿದರೆ ಜಾರುವಂಥದ್ದು. ಬಣ್ಣ ಬೂದಿ.

"ಅಮ್ಮ, ಇದು ಉಟ್ಕೋ."

"ಚೆನ್ನಾಗಿದೆ" ಎಂದಳು ಅಮ್ಮ. ಅಪ್ಪನ ಕಂದು ಸೀರೆಗಳಿಗೆ ಹೇಳುತ್ತಿದ್ದ ಅದೇ ದನಿ. "ಆದ್ರೆ ನಾನು ತಂದಿದೀನಲ್ಲ."

"ಅದು ಬೇಡಮ್ಮ. ಅದು ಅಗ್ಗದ್ದು. ಬಂದವ್ರೆಲ್ಲ ಸೀರೆ ಗೊತ್ತಿರೋ ಜನ."

ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತುಗಳನ್ನೆಲ್ಲ ಹೊರಗೆ ಹಾಕೋಣವೆಂದು ನಾನು ಬಾಯಿ ತೆರೆದೆ. ಅಮ್ಮ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದಳು.

"ಸುವರ್ಣ, ಇದು ಅಗ್ಗ ಅಂತ ಬೇಡ್ವೋ, ಹಸಿರು ಅಂತ ಬೇಡ್ವೋ? ಬಾಯ್ಬಿಟ್ಟು ಹೇಳು."

ಅಕ್ಕ ನನ್ನನ್ನು ನೋಡಿದಳು, ಗೋಡೆಯನ್ನು ನೋಡಿದಳು.

"ಇದೇ ಬಣ್ಣದ್ದು ಲಕ್ಷ ಕೊಟ್ಟು ತಂದಿದ್ರೆ ಉಡು ಅಂತಿದ್ಯಾ?"

"ಅಮ್ಮ..."

"ಅಂತಿರ್ಲಿಲ್ಲ. ಹಂಗಾದ್ರೆ ಪಾಪ ಆ ಅಂಗಡಿ ಮೇಲೆ ಯಾಕೆ ಹಾಕ್ತೀಯ?"

ಇಷ್ಟು ದಿನ ಅಕ್ಕನ ಬಾಯಲ್ಲಿ ಡಿಸ್ಕೌಂಟು, ಡಿಸ್ಕೌಂಟು ಎಂಬ ಜಪ ಕೇಳಿ, ನಾನೂ ಅದಕ್ಕೇ ಎದುರುತ್ತರ ಕೊಡುತ್ತಾ ಕೂತಿದ್ದೆ. ವಿಷಯ ಅದಲ್ಲವೆಂದು ಅಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು. ಅಕ್ಕನ ಕಣ್ಣು ತುಂಬಿಕೊಂಡಿತು. ಅವಳು ಕೆಟ್ಟವಳಲ್ಲ. ಮಗಳ ಸಂಬಂಧದ ಮೇಲೆ ಯಾರೂ ಬೆರಳು ತೋರಿಸಬಾರದು ಎಂಬ ಭಯ ಅವಳಿಗೆ, ಅಷ್ಟೇ.

"ಜನ ಏನಂತಾರಮ್ಮ? ಅಜ್ಜಿ ಹಸಿರು ಉಟ್ಕೊಂಡು ಕೂತಿದಾರೆ ಅನ್ನಲ್ವಾ? ಏನಾದ್ರೂ ಅಪಶಕುನ ಅಂದ್ಬಿಟ್ರೆ?"

"ನಿಮ್ಮಪ್ಪ ಹೋದ್ರು. ನಂಗೆ ಕಣ್ಣು ಹೋಯ್ತಾ? ಬಣ್ಣ ಕಾಣುತ್ತೆ ನಂಗೆ ಇನ್ನೂ." ಅಮ್ಮನ ದನಿ ಏರಿರಲಿಲ್ಲ, ಸಂತೆಯಲ್ಲಿ ಕೊನೆಯ ಬೆಲೆ ಹೇಳುವಾಗಿನ ದನಿ ಅದು. "ಜನ ಇಷ್ಟು ವರ್ಷ ಕೊಟ್ಟಿದ್ದನ್ನೆಲ್ಲ ಉಟ್ಟು ತೋರಿಸ್ದೆ. ಇವತ್ತು ನಾನು ತಗೊಂಡಿದ್ದು ಉಡ್ತೀನಿ, ಅವ್ರು ನೋಡ್ಲಿ. ಬೇಡ ಅಂದ್ರೆ ಹೇಳು, ಶೈಲನ ಮನೇಲಿ ಕೂತಿರ್ತೀನಿ. ಬೂದಿ ಉಟ್ಕೊಂಡು ಮಾತ್ರ ಬರಲ್ಲ."

ಹೊರಗೆ ಭಾವ, "ಆಯ್ತೇನ್ರೇ?" ಎಂದು ಕೂಗಿದರು. ಅಕ್ಕ ಮೂಗೊರೆಸಿಕೊಂಡು, ಚೀಲದಿಂದ ಸೀರೆ ತೆಗೆದು ಕೊಡವಿದಳು. ಮಂಡಿ ನೋವಿನಿಂದ ಅಮ್ಮನಿಗೆ ಬಗ್ಗಲು ಆಗುವುದಿಲ್ಲವಲ್ಲ, ಅಕ್ಕನೇ ನೆಲದ ಮೇಲೆ ಕೂತು ನೆರಿಗೆಗಳನ್ನು ಒಂದೊಂದಾಗಿ ಹಿಡಿದು ಸರಿಮಾಡಿದಳು. "ಜಾರುತ್ತೆ ಇದು, ದರಿದ್ರದ್ದು" ಎಂದು ಗೊಣಗುತ್ತಾ ತನ್ನ ಸೆರಗಿನ ಪಿನ್ನು ತೆಗೆದು ಅಮ್ಮನಿಗೆ ಹಾಕಿದಳು. ಹಣೆಯ ತುಂಬ ವಿಭೂತಿ, ಮೈತುಂಬ ಗಿಳಿಹಸಿರು. ನಮ್ಮ ಅಮ್ಮ ಇಷ್ಟು ಚಂದ ಎಂದು ನನಗೆ ಅವತ್ತು ಗೊತ್ತಾಯಿತು.

ಹಾಲ್‌ನಲ್ಲಿ ಅಮ್ಮ ಮುಂದಿನ ಸಾಲಿನಲ್ಲಿ ಹೋಗಿ ಕೂತಳು. ಜನ ನೋಡಿದರು. ಇಲ್ಲ ಎಂದು ಹೇಳುವುದಿಲ್ಲ, ಚೆನ್ನಾಗಿಯೇ ನೋಡಿದರು. ನಮ್ಮ ಕಡೆಯ ಇಬ್ಬರು ಹೆಂಗಸರು ತಲೆ ಹತ್ತಿರ ತಂದು ಮಾತಾಡಿಕೊಂಡರು. ನಾನು ಹೋಗಿ ಅವರ ಎದುರಿನ ಕುರ್ಚಿಯಲ್ಲೇ ಅವರ ಕಡೆ ಮುಖ ಮಾಡಿ ಕೂತೆ. ತಾಂಬೂಲ ಬದಲಾಯಿತು, ಉಂಗುರ ಹಾಕಿದ್ದಾಯಿತು, ಚೈತ್ರಳಿಗೆ ಉಡಿ ತುಂಬಿದರು.

ಊಟದ ಹೊತ್ತಿಗೆ ಗಂಡಿನ ಅಜ್ಜಿ ಅಮ್ಮನ ಪಕ್ಕದ ಕುರ್ಚಿಗೆ ಬಂದರು. ಮೂರು ಮಹಡಿಯ ಅಂಗಡಿಯ ಹಿರಿಯ ಜೀವ. ಅವರೂ ಗಂಡನನ್ನು ಕಳೆದುಕೊಂಡವರೇ. ಉಟ್ಟಿದ್ದ ರೇಷ್ಮೆ ನಮ್ಮ ಕಡೆ ಯಾರ ಮೈಮೇಲೂ ಇಲ್ಲದಂಥ ರೇಷ್ಮೆ, ಬಣ್ಣ ಮಾತ್ರ ತಣ್ಣಗಿನ ಬೂದಿ. ಅವರು ಹೇಳದೆ ಕೇಳದೆ ಅಮ್ಮನ ಸೆರಗನ್ನು ಹಿಡಿದು ಎರಡು ಬೆರಳಲ್ಲಿ ಉಜ್ಜಿದರು. ಬಡಿಸುವವರಿಗೆ ಏನೋ ಹೇಳುತ್ತಿದ್ದ ಅಕ್ಕ ಅಲ್ಲೇ ನಿಂತುಬಿಟ್ಟಳು.

"ಎಲ್ಲಿ ತಗಂಡ್ರಿ ಇದನ್ನ?"

"ಅದು ಬೆಂಗಳೂರಲ್ಲಿ..." ಎಂದು ಅಕ್ಕ ಓಡಿ ಬಂದಳು.

"ಇಲ್ಲೇ" ಎಂದಳು ಅಮ್ಮ. "ನಮ್ಮೂರಲ್ಲಿ ಒಂದು ದೊಡ್ಡ ಅಂಗಡಿ ಇದೆ, ಎಲ್ಲ ಅಗ್ಗಕ್ಕೆ ಹಾಕಿರ್ತಾರೆ. ಅಲ್ಲಿ ತಗೊಂಡೆ."

ಗಂಡಿನ ಅಜ್ಜಿ ಅಂಚನ್ನು ತಿರುಗಿಸಿ ನೋಡಿದರು. "ರೇಷ್ಮೆ ಅಲ್ಲ ಇದು. ಜರೀನೂ ಸುಳ್ಳು. ನಾಕು ಸಲ ಒಗುದ್ರೆ ಕಪ್ಪಾಗ್ತತಿ."

"ಆಗ್ಲಿ ಬಿಡಿ. ಅಷ್ಟೊತ್ತಿಗೆ ನಾಲ್ಕು ಸಲ ಉಟ್ಟಿರ್ತೀನಲ್ಲ."

ಅಜ್ಜಿ ಸೆರಗನ್ನು ಬಿಡಲಿಲ್ಲ. "ಯಾರು ಆರಿಸಿದ್ದು?"

"ನಾನೇ. ರಾಶಿಯೊಳಗಿಂದ ಒಂದೊಂದೇ ತೆಗೆದು ನೋಡಿ ಆರಿಸ್ದೆ. ಯಾರೂ ಯಾಕೆ ಅಂತ ಕೇಳಲ್ಲ ಅಲ್ಲಿ."

ಅಜ್ಜಿಯ ಎಲೆಗೆ ಹೋಳಿಗೆ ಬಿತ್ತು, ತುಪ್ಪ ಬಿತ್ತು, ಅವರು ಕೈ ಹಾಕಲಿಲ್ಲ. ಸಂಬಂಧ ಮುರಿದೇ ಹೋಯಿತು ಎಂಬಂತೆ ಅಕ್ಕನ ಮುಖ ಬಿಳಿಚಿತ್ತು. ನಾನೋ, ಈ ಮುದುಕಿ ಅಮ್ಮನಿಗೆ ಒಂದು ಮಾತು ಅಂದರೆ ಬೀಗರು ಎಂದೂ ನೋಡದೆ ಹತ್ತು ಅಂದುಬಿಡುವವಳಿದ್ದೆ.

"ನಮ್ ಅಂಗಡ್ಯಾಗೆ ಸೀರೆ ರಾಶಿ ರಾಶಿ ಅದಾವು" ಎಂದರು ಅಜ್ಜಿ ನಿಧಾನವಾಗಿ. "ಮಗ ಹಬ್ಬಕ್ಕೊಂದು ತರ್ತಾನೆ ನಂಗೆ. ಬಾಳ ಬೆಲೇದ್ದೇ ತರ್ತಾನೆ. ಹತ್ತೊರ್ಷ ಆತು, ಎಲ್ಲಾ ಇದೇ ಬಣ್ಣ." ತಮ್ಮ ತೊಡೆಯ ಮೇಲಿನ ರೇಷ್ಮೆಯನ್ನು ಕೈಯಿಂದ ಸವರಿದರು. ಆಮೇಲೆ ಅಮ್ಮನ ಕಿವಿಯ ಹತ್ತಿರ ಬಗ್ಗಿ, "ಆ ಅಂಗಡಿ ಇವತ್ತು ತೆಗ್ದಿರ್ತತಾ?" ಎಂದು ಕೇಳಿದರು.

ಊಟವಾದ ಮೇಲೆ ಅವರ ಮಗ ಕಾರು ತೆಗೆದರು. ಹೇಗೂ ಊರಿಗೆ ಹೋಗುವ ದಾರಿ, ಬೀಗಿತ್ತಿಗೆ ಏನೋ ಬೇಕಂತೆ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಹಿಂದಿನ ಸೀಟಿನಲ್ಲಿ ಇಬ್ಬರು ಅಜ್ಜಿಯರು, ದಾರಿ ತೋರಿಸಲು ಮುಂದೆ ನಾನು. ಅಂಗಡಿಯ ಮುಂದೆ ಕಾರು ನಿಂತಾಗ ಅವರ ತಾಯಿ, "ಒಂದು ಸೀರೆ ತಗಂಡು ಬರ್ತೀನಿ" ಎಂದರು. ಮಗ ಬೋರ್ಡನ್ನು ನೋಡಿದರು, ತಾಯಿಯನ್ನು ನೋಡಿದರು.

"ಸೀರೆ ಬೇಕಾ ನಿಂಗೆ? ಇಲ್ಯಾಕವ್ವಾ? ನಾಳೆ ನಮ್ ಅಂಗಡೀಲಿ ನಾನೇ ತೆಗ್ದು ಕೊಡ್ತೀನಲ್ಲ. ಬಾ, ಇಲ್ಲೇ ಬೇಕಂದ್ರೂ ಒಳ್ಳೇದು ಯಾವ್ದು ಅಂತ ನಾನು ನೋಡಿ ಹೇಳ್ತೀನಿ" ಎಂದು ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟರು.

ಅವರ ತಾಯಿ ಆಗಲೇ ಇಳಿದು ನಮ್ಮ ಅಮ್ಮನ ಕೈ ಹಿಡಿದುಕೊಂಡಿದ್ದರು.

"ನೀ ಇಲ್ಲೇ ಕಾರಾಗೆ ಕುಂತ್ಕ" ಎಂದರು. "ಒಳಗೆ ಬರಬ್ಯಾಡ. ನಾನೇ ಆರಿಸ್ಕಂತೀನಿ."

ಮೂರು ಮಹಡಿಯ ಸೀರೆ ಅಂಗಡಿಯ ಮಾಲೀಕರು ಕಾಲನ್ನು ಒಳಗೆ ತೆಗೆದುಕೊಂಡು ಕಾರಿನಲ್ಲೇ ಕೂತರು.